ಕ್ಯಾನ್ಸರ್ ಗುಣವಾಯಿತು, ಏದುಸಿರು ಯಾಕೆ ಬಿಡಲಿಲ್ಲ?

ನಮ್ಮ ಅಕ್ಕನ ಮನೆ ಕಾಸರಗೋಡಿನ ಪೆರ್ಲದ ಹತ್ತಿರ, ಗುಡ್ಡೆಯ ಬುಡದಲ್ಲಿ. ಈ ಕಡೆಯ ಹೆಚ್ಚಿನ ಮನೆಗಳ ಹಾಗೆ ತೋಟ ಕೆಳಗೆ, ಬಸ್ಸು ಬರುವ ರಸ್ತೆ ಮೇಲೆ. ನಡುವೆ ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲು. ಅವಳ ಮಗನಿಗೆ ಈಗ ಹದಿನಾರು. ಶಾಲೆಗೆ ಹೋಗುವಾಗ ಅರ್ಧ ದಾರಿಯಲ್ಲಿ ಒಂದು ಹಲಸಿನ ಮರ ಸಿಗುತ್ತದೆ. ಅಲ್ಲಿ ನಿಲ್ಲುತ್ತಾನೆ. ಬ್ಯಾಗ್ ಕೆಳಗಿಟ್ಟು ಶೂ ಲೇಸ್ ಕಟ್ಟುವವನ ಹಾಗೆ ಬಗ್ಗುತ್ತಾನೆ. ಲೇಸ್ ಬಿಚ್ಚಿರುವುದೇ ಇಲ್ಲ. ಕೈ ಮೊಣಕಾಲಿನ ಮೇಲೆ, ಹೆಗಲು ಮೇಲೆ ಕೆಳಗೆ. ಯಾರಾದರೂ ಹಿಂದಿನಿಂದ ಬಂದರೆ ಲೇಸ್ ಇನ್ನೊಮ್ಮೆ ಕಟ್ಟುತ್ತಾನೆ.

ನಾವೆಲ್ಲ ಅದಕ್ಕೆ ಇಟ್ಟಿದ್ದ ಹೆಸರು ಉದಾಸೀನ. ಕಾಯಿಲೆ ಇದ್ದಾಗ ಮುದ್ದು ಮಾಡಿ ಹಾಳು ಮಾಡಿದ್ದು ಅಂತ ಅಜ್ಜಿಯ ತೀರ್ಪು. ನಾನೂ ಒಂದೆರಡು ಸಲ, "ನಿನ್ನ ಪ್ರಾಯದಲ್ಲಿ ನಾವು ಅಡಿಕೆ ಗೋಣಿ ಹೊತ್ತು ಇದೇ ಗುಡ್ಡೆ ಹತ್ತುತ್ತಿದ್ದೆವು" ಅಂತ ಹೇಳಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವನಿಗೆ ಐದು ವರ್ಷ ಆಗಿದ್ದಾಗ ರಕ್ತದ ಕ್ಯಾನ್ಸರ್ ಬಂದಿತ್ತು. ಮಕ್ಕಳಲ್ಲಿ ತುಂಬ ಸಾಮಾನ್ಯವಾಗಿ ಬರುವ ನಮೂನೆ, ಡಾಕ್ಟರುಗಳು ಎಎಲ್ಎಲ್ ಅನ್ನುತ್ತಾರೆ. ಸುಮಾರು ಮೂರು ವರ್ಷ ಮದ್ದು ನಡೆಯಿತು. ಮುಗಿದ ಮೇಲೆ ಮನೆಯವರು ಮಧೂರಿಗೆ ಹೋಗಿ ಗಣಪತಿಗೆ ಹರಕೆಯ ಅಪ್ಪ ಮಾಡಿಸಿದರು. ಆಸ್ಪತ್ರೆಯ ಫೈಲನ್ನು ಕಪಾಟಿನ ಮೇಲಿನ ಖಾನೆಯಲ್ಲಿ, ಸೀರೆಗಳ ಹಿಂದೆ ಇಟ್ಟರು. ಮತ್ತೆ ಅದನ್ನು ನೋಡುವುದು ಬೇಡ ಅಂತ.

ಇಂಥ ಮಕ್ಕಳು ಈಗ ಜಾಸ್ತಿಯಾಗುತ್ತಿದ್ದಾರೆ. ಅದು ಒಳ್ಳೆಯ ಸುದ್ದಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಮಕ್ಕಳು ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಬಹಳಷ್ಟು ದೇಶಗಳಲ್ಲಿ ಈ ಸಂಖ್ಯೆ 30ರ ಕೆಳಗಿದೆ. 2030ರೊಳಗೆ ಎಲ್ಲ ಕಡೆ ಕನಿಷ್ಠ 60 ಆಗಬೇಕು ಅಂತ 2018ರಲ್ಲಿ ಆ ಸಂಸ್ಥೆ ಗುರಿ ಇಟ್ಟಿತು. ಸರಿ, ಬದುಕುವ ಮಕ್ಕಳ ಸಂಖ್ಯೆ ಏರುತ್ತದೆ. ಬದುಕಿದ ಮೇಲೆ ಅವರು ಗುಡ್ಡೆ ಹತ್ತಬೇಕಲ್ಲ, ಅದರ ಲೆಕ್ಕ ಯಾರು ಇಡುತ್ತಾರೆ?

ಕಾಸರಗೋಡಿನಲ್ಲಿ ಕ್ಯಾನ್ಸರ್ ಅಂದ ಕೂಡಲೇ ಮಾತು ಎಂಡೋಸಲ್ಫಾನ್ ಕಡೆ ಹೊರಳುತ್ತದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಸುರಿದ ಊರು ಇದು, ಹೊರಳದೆ ಇರುತ್ತದಾ? ಆದರೆ ಒಂದು ಮಗುವನ್ನು ತೋರಿಸಿ ಇದರ ಕಾಯಿಲೆ ಅದರಿಂದಲೇ ಬಂತು ಅನ್ನಲು ನನಗೆ ಧೈರ್ಯವಿಲ್ಲ. ಈ ಲೇಖನ ಆ ಜಗಳದ ಬಗ್ಗೆ ಅಲ್ಲ. ಕಾಯಿಲೆ ಯಾಕೆ ಬಂತು ಅನ್ನುವುದನ್ನು ಬಿಟ್ಟು, ಹೋದ ಮೇಲೆ ಏನು ಉಳಿಯಿತು, ಅದಕ್ಕೆ ಉಸಿರಿನ ಸ್ನಾಯುಗಳ ತರಬೇತಿ ಎಷ್ಟು ಉಪಯೋಗ ಅಂತ ನೋಡೋಣ.

ಶ್ವಾಸಕೋಶ ಸರಿ ಇದ್ದರೂ

ಉಸಿರು ಎಳೆಯುವುದು ಶ್ವಾಸಕೋಶದ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯ ಹಾಗೆ ಹರಡಿರುವ ಒಂದು ಸ್ನಾಯು ಇದೆ, ಶಾಲೆಯ ಪುಸ್ತಕದಲ್ಲಿ ಅದಕ್ಕೆ ವಪೆ ಅನ್ನುತ್ತಾರೆ. ಅದು ಬಿಗಿದು ಕೆಳಗೆ ಸರಿದಾಗ ಎದೆಗೂಡಿನೊಳಗೆ ಜಾಗ ಆಗುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಜೊತೆ ಕೊಡುತ್ತವೆ. ಸುಮ್ನೆ ಕೂತಾಗ ಉಸಿರು ಬಿಡಲು ಏನೂ ಮಾಡಬೇಕಾಗಿಲ್ಲ, ಬಿಗಿದದ್ದು ಸಡಿಲಾದರೆ ಗಾಳಿ ಹೊರಗೆ ಹೋಗುತ್ತದೆ. ಶ್ರಮ ಇರುವುದು ಎಳೆಯುವುದರಲ್ಲಿ.

ಕ್ಯಾನ್ಸರಿನ ಮದ್ದು ಈ ವ್ಯವಸ್ಥೆಗೆ ಎರಡು ಕಡೆಯಿಂದ ಪೆಟ್ಟು ಕೊಡಬಹುದು. ಒಂದು, ಶ್ವಾಸಕೋಶಕ್ಕೇ. ಹಾಡ್ಜ್‌ಕಿನ್ ಲಿಂಫೋಮಾ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಕೊಡುವ ಬ್ಲಿಯೋಮೈಸಿನ್ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಸಬಹುದು. ಅಸ್ಥಿಮಜ್ಜೆ ಕಸಿಗೆ ಮುಂಚೆ ಕೊಡುವ ಬುಸಲ್ಫಾನ್ ಕೂಡ ಅದೇ ಜಾತಿ. ಎದೆಗೆ ರೇಡಿಯೇಷನ್ ಕೊಟ್ಟರೆ ಶ್ವಾಸಕೋಶದ ಜೊತೆಗೆ ಬೆಳೆಯುವ ಪಕ್ಕೆಲುಬಿಗೂ ಸ್ನಾಯುವಿಗೂ ತಾಗುತ್ತದೆ. ದೊಡ್ಡವರಿಗೂ ಮಕ್ಕಳಿಗೂ ಇಲ್ಲೇ ವ್ಯತ್ಯಾಸ. ದೊಡ್ಡವರ ಎದೆಗೂಡು ಬೆಳೆದು ಮುಗಿದಿರುತ್ತದೆ. ನಾಲ್ಕು ವರ್ಷದ ಮಗುವಿನದ್ದು ಇನ್ನೂ ಬೆಳೆಯಬೇಕು. ಅಲ್ಲಿ ತಡೆದದ್ದು ಹದಿನೈದರಲ್ಲಿ, ಇಪ್ಪತ್ತರಲ್ಲಿ ಕಾಣುತ್ತದೆ.

ಎರಡನೆಯದು ಸ್ನಾಯುವಿಗೆ ಬೀಳುವ ಪೆಟ್ಟು. ಇದರ ಬಗ್ಗೆ ಮಾತು ಕಡಿಮೆ. ಎಎಲ್ಎಲ್ ಚಿಕಿತ್ಸೆಯಲ್ಲಿ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್‌ಗಳನ್ನು ವಾರಗಟ್ಟಲೆ ಕೊಡುತ್ತಾರೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಅವು ಬೇಕೇ ಬೇಕು. ಆದರೆ ಅವು ಸ್ನಾಯುವನ್ನೂ ಕರಗಿಸುತ್ತವೆ. ಮುಖ ಊದಿಕೊಂಡ ಮಗು ಮೆಟ್ಟಿಲು ಹತ್ತಲಾಗದೆ ಕೂತದ್ದನ್ನು ಕೀಮೋ ವಾರ್ಡ್ ನೋಡಿದ ಯಾರೂ ಮರೆಯುವುದಿಲ್ಲ. ತೊಡೆಯ ಸ್ನಾಯು ಕರಗಿದ್ದು ಕಣ್ಣಿಗೆ ಕಾಣುತ್ತದೆ. ವಪೆಯೂ ಸ್ನಾಯುವೇ, ಅಲ್ವಾ? ಅದು ಸೊರಗಿದ್ದು ಕಾಣುವುದಿಲ್ಲ. ಇದರ ಜೊತೆಗೆ ವಿನ್‌ಕ್ರಿಸ್ಟಿನ್ ಅನ್ನುವ ಇಂಜೆಕ್ಷನ್ ನರಗಳನ್ನು ದುರ್ಬಲ ಮಾಡುತ್ತದೆ. ಇದೆಲ್ಲದರ ಮೇಲೆ ಮೂರು ವರ್ಷ ಓಡದೆ, ಹಾರದೆ, "ಬೀಳ್ತಿ, ಜಾಗ್ರತೆ" ಅಂತ ಹೇಳಿಸಿಕೊಂಡು ಮನೆಯೊಳಗೆ ಕೂತ ಬಾಲ್ಯ.

ಹಾಗಾಗಿ ಶ್ವಾಸಕೋಶದ ಎಕ್ಸ್‌ರೇ ಚೆನ್ನಾಗಿಯೇ ಇದ್ದರೂ ಮಗು ಏದುಸಿರು ಬಿಡಬಹುದು. ಎಷ್ಟು ಗಾಳಿ ಹೊರಗೆ ಬರುತ್ತದೆ ಅಂತ ಅಳೆಯುವ ಸ್ಪೈರೋಮೀಟರಿಗೆ ಊದಿಸುವ ಪರೀಕ್ಷೆ ಕೂಡ ಇದನ್ನು ಹಿಡಿಯದೆ ಬಿಡಬಹುದು. ಉಸಿರಿನ ಸ್ನಾಯು ಸ್ವಲ್ಪ ಸೊರಗಿದರೆ ಒಟ್ಟು ಗಾಳಿಯ ಪ್ರಮಾಣ ಕೂಡಲೇ ಇಳಿಯುವುದಿಲ್ಲ. ಚೆನ್ನಾಗಿಯೇ ಸೊರಗಿದ ಮೇಲೆ ಇಳಿಯುತ್ತದೆ. "ರಿಪೋರ್ಟ್ ನಾರ್ಮಲ್" ಅಂತ ಬರೆದ ಕಾಗದ ಹಿಡಿದು ಮನೆಗೆ ಬಂದ ಹುಡುಗನಿಗೆ ಉದಾಸೀನದ ಪಟ್ಟ ಖಾಯಂ ಆಗುವುದು ಹೀಗೆ.

ಇನ್ನೊಂದು ಸಂಗತಿ ನನಗೆ ಹೊಸದು, ಓದಿ ತಿಳಿದುಕೊಂಡದ್ದು. ಹುಡುಗ ಯಾವಾಗಲೂ "ಕಾಲು ಸೋಲುತ್ತದೆ" ಅನ್ನುತ್ತಾನೆ, "ಉಸಿರು ಸಿಗುವುದಿಲ್ಲ" ಅನ್ನುವುದು ಕಡಿಮೆ. ಅದಕ್ಕೆ ಕಾರಣ ಇದೆ. ಉಸಿರಿನ ಸ್ನಾಯುಗಳು ದಣಿದರೆ ದೇಹ ಅವುಗಳಿಗೆ ಮೊದಲು ರಕ್ತ ಕೊಡುತ್ತದೆ. ಅದಕ್ಕಾಗಿ ಕಾಲಿಗೆ ಹೋಗುವ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಮಾರ್ಚ್ ತಿಂಗಳಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಳಗಿನ ಲೈನಿನ ಗೇಟ್‌ವಾಲ್ವ್ ತೆರೆದ ಕೂಡಲೇ ಮೇಲಿನ ಲೈನಿನ ಜೆಟ್ ತಿರುಗುವುದು ನಿಲ್ಲಿಸುತ್ತದೆ. ಪಂಪ್ ಒಂದೇ, ನೀರು ಅಷ್ಟೇ. ಮೇಲಿನ ಜೆಟ್ ಹಾಳಾಗಿದೆ ಅಂತ ಅದನ್ನು ಬಿಚ್ಚಿ ತೊಳೆಯುತ್ತಾ ಕೂತರೆ ಏನು ಬಂತು? ಉಸಿರಿನ ಸ್ನಾಯು ಬಲವಾಗಿದ್ದರೆ ಅದು ಬೇಗ ದಣಿಯುವುದಿಲ್ಲ, ಕಾಲಿನ ಪಾಲನ್ನು ಕೇಳುವುದೂ ತಡವಾಗುತ್ತದೆ.

ಊದುವುದಲ್ಲ, ಎಳೆಯುವುದು

ಸ್ನಾಯು ಅಂದ ಮೇಲೆ ಅದಕ್ಕೆ ಕಸರತ್ತು ಕೊಡಬಹುದು. ಉಸಿರಿನ ಸ್ನಾಯು ತರಬೇತಿಯ ಹಿಂದಿರುವುದು ಇಷ್ಟೇ ವಿಷಯ. ತೋಳಿಗೆ ಡಂಬೆಲ್ ಇದ್ದ ಹಾಗೆ ವಪೆಗೆ ಒಂದು ಭಾರ.

ಮೊದಲು ಬಲ ಎಷ್ಟಿದೆ ಅಂತ ಅಳೆಯಬೇಕು. ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಮೂಗಿಗೆ ಕ್ಲಿಪ್ ಹಾಕಿ, ಹೆಚ್ಚುಕಡಿಮೆ ಮುಚ್ಚಿಯೇ ಇರುವ ಒಂದು ಕೊಳವೆಯಿಂದ ಜೀವ ಬಿಟ್ಟು ಎಳೆಯಬೇಕು. ಎಷ್ಟು ಒತ್ತಡದಿಂದ ಎಳೆದಿರಿ ಅನ್ನುವುದನ್ನು ಮೀಟರ್ ತೋರಿಸುತ್ತದೆ. ಇದನ್ನು ಎಂಐಪಿ ಅನ್ನುತ್ತಾರೆ. ಅಳತೆ ನೀರಿನ ಸೆಂಟಿಮೀಟರಿನಲ್ಲಿ. ಕೇಳಲು ವಿಚಿತ್ರ, ಆದರೆ ನಮ್ಮ ಮಕ್ಕಳಿಗೆ ಗೊತ್ತಿರುವ ಆಟವೇ. ಬಪ್ಪಂಗಾಯಿ (ಪಪ್ಪಾಯಿ) ಎಲೆಯ ದಂಟನ್ನು ಕೊಳವೆ ಮಾಡಿ ಚೆಂಬಿನ ನೀರು ಎಳೆಯುವುದಿಲ್ವಾ? 40 ಸೆಂಟಿಮೀಟರ್ ಉದ್ದದ ನೆಟ್ಟಗಿನ ದಂಟಿನಲ್ಲಿ ನೀರನ್ನು ಬಾಯಿಯವರೆಗೆ ತಂದರೆ ಅದು 40ರ ಒತ್ತಡ. ಆದರೆ ಆಟದಲ್ಲಿ ಮಕ್ಕಳು ಕೆನ್ನೆಯಿಂದ ಹೀರುತ್ತಾರೆ. ಪರೀಕ್ಷೆಯಲ್ಲಿ ಆ ಕಳ್ಳಾಟ ನಡೆಯಬಾರದು ಅಂತ ಕೊಳವೆಯಲ್ಲಿ ಸೂಜಿಯಷ್ಟು ಸಣ್ಣ ತೂತು ಬಿಟ್ಟಿರುತ್ತಾರೆ. ಗಾಳಿ ಸೋರುವುದರಿಂದ ಕೆನ್ನೆಯ ಬಲ ಸಾಕಾಗುವುದಿಲ್ಲ, ಎದೆಯಿಂದಲೇ ಎಳೆಯಬೇಕು. ಆರೋಗ್ಯವಂತ ಗಂಡಸು 100ರ ಆಸುಪಾಸು ಅಥವಾ ಅದಕ್ಕಿಂತ ಜಾಸ್ತಿ ಎಳೆಯುತ್ತಾನೆ. ಹೆಂಗಸರಲ್ಲಿ ಇದು ಕಡಿಮೆ. ಮಕ್ಕಳಲ್ಲಿ ಪ್ರಾಯ ನೋಡಿ ಹೇಳಬೇಕು. ತೀರಾ ಸಣ್ಣ ಮಕ್ಕಳಿಗೆ ಹೇಳಿದ ಹಾಗೆ ಎಳೆಯಲು ಬರುವುದಿಲ್ಲ, ಅವರಲ್ಲಿ ಈ ಪರೀಕ್ಷೆಯನ್ನು ನಂಬುವುದು ಕಷ್ಟ.

ತರಬೇತಿಯ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪ್ಲಾಸ್ಟಿಕ್ ಕೊಳವೆ. ಒಳಗೆ ಸ್ಪ್ರಿಂಗ್ ಇರುವ ಒಂದು ಮುಚ್ಚಳ. ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅಂತ ತಿರುಗಿಸಿ ಇಡಬಹುದು. ಅಷ್ಟು ಬಲದಿಂದ ಎಳೆದರೆ ಮಾತ್ರ ಮುಚ್ಚಳ ತೆರೆದು ಗಾಳಿ ಬರುತ್ತದೆ. ಇಲ್ಲದಿದ್ದರೆ ಇಲ್ಲ. ಹುಡುಗನ ಎಂಐಪಿ 50 ಬಂತು ಅಂತ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಅದರ ಶೇಕಡಾ 30ರಿಂದ, ಅಂದರೆ 15ರಿಂದ ಶುರು. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಮೂವತ್ತು ಉಸಿರು ಅನ್ನುವುದು ಒಂದು ಕ್ರಮ. ಹೊತ್ತಿಗೆ ಹದಿನೈದು ನಿಮಿಷ ಅನ್ನುವುದು ಇನ್ನೊಂದು. ವಾರಕ್ಕೆ ಐದಾರು ದಿನ, ಆರರಿಂದ ಎಂಟು ವಾರ. ಮುಖ್ಯ ವಿಷಯ ಏನೆಂದರೆ ಮತ್ತೆ ಮತ್ತೆ ಅಳೆದು ಭಾರ ಏರಿಸುತ್ತಾ ಹೋಗಬೇಕು. ಒಂದೇ ಬಿಗಿಯಲ್ಲಿ ಎರಡು ತಿಂಗಳು ಎಳೆದರೆ ಒಂದೇ ಕಿಲೋದ ಡಂಬೆಲ್ ಎರಡು ತಿಂಗಳು ಎತ್ತಿದ ಹಾಗೆ.

ಮೊದಲ ದಿನ ಹುಡುಗ ಚಾವಡಿಯಲ್ಲಿ ಕೂತು ಮೂಗಿಗೆ ಕ್ಲಿಪ್ ಸಿಕ್ಕಿಸಿಕೊಂಡಾಗ ಅಜ್ಜಿ ಒಳಗಿನಿಂದ ಬಂದರು.

"ಪೀಪಿ ಊದುದು ಎಂತಕ್ಕೆ ಈಗ? ಸ್ಕೂಲ್ ಇಲ್ವಾ?"

"ಅಜ್ಜೀ, ಇದು ಊದುದಲ್ಲ. ಎಳೆಯುದು."

"ಎಳೆದ್ರೆ ಎಂತ ಬರ್ತದೆ?"

"ಗಾಳಿ."

ಅಜ್ಜಿ ಗಾಳಿಗೆ ದುಡ್ಡು ಕೊಡುವ ಕಾಲ ಬಂತು ಅಂತ ಹೇಳುತ್ತಾ ಒಳಗೆ ಹೋದರು. ಆದರೆ ಹುಡುಗ ಹೇಳಿದ್ದರಲ್ಲಿ ವಿಷಯದ ಅರ್ಧ ಇದೆ. ಆಸ್ಪತ್ರೆಯಿಂದ ಬರುವಾಗ ಎಷ್ಟೋ ಮಕ್ಕಳಿಗೆ "ಬಲೂನ್ ಊದಿಸಿ" ಅಂತ ಹೇಳಿ ಕಳಿಸುತ್ತಾರೆ. ಬಲೂನ್ ಊದಿದರೆ ಕಸರತ್ತು ಸಿಗುವುದು ಉಸಿರು ಹೊರಗೆ ತಳ್ಳುವ ಸ್ನಾಯುಗಳಿಗೆ. ನಮಗೆ ಬೇಕಾದ್ದು ಎಳೆಯುವ ಸ್ನಾಯು.

ಇನ್ನು ಮೂರು ಚೆಂಡಿನ ಡಬ್ಬಿ. ಆಪರೇಷನ್ ಆದವರ ಮನೆಯಲ್ಲೆಲ್ಲ ಇದು ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಾ ಇರುತ್ತದೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎಳೆದರೆ ಚೆಂಡು ಮೇಲೆ ಹೋಗುತ್ತದೆ. ಡಬ್ಬಿಯ ಮೇಲೆ 600, 900, 1200 ಅಂತ ಬರೆದಿರುತ್ತದೆ. ಅದು ಗಾಳಿಯ ವೇಗದ ಲೆಕ್ಕ, ಸೆಕೆಂಡಿಗೆ ಇಷ್ಟು ಮಿಲಿಲೀಟರ್ ಅಂತ. ಒತ್ತಡದ ಲೆಕ್ಕ ಅಲ್ಲ. ಆಪರೇಷನ್ ನಂತರ ಮುದುಡಿದ ಶ್ವಾಸಕೋಶ ಅರಳಲಿ ಅಂತ ಕೊಡುವ ಸಾಧನ ಅದು. ಅದರಲ್ಲಿ ಸ್ನಾಯುವಿಗೆ ಅಳೆದು ಕೊಟ್ಟ ಭಾರ ಇಲ್ಲ. ಡಬ್ಬಿಯನ್ನು ಸ್ವಲ್ಪ ವಾಲಿಸಿ ಹಿಡಿದರೆ ಚೆಂಡು ಇನ್ನೂ ಸುಲಭವಾಗಿ ಏರುತ್ತದೆ, ಇದನ್ನು ಮಕ್ಕಳು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ. ಸ್ಪ್ರಿಂಗ್ ಇರುವ ನಿಜವಾದ ತರಬೇತಿ ಉಪಕರಣಕ್ಕೆ ಕೆಲವು ಸಾವಿರ ಬೀಳುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಹೆಚ್ಚಾಗಿ ಮೂರು ಚೆಂಡಿನದ್ದನ್ನೇ ಕೈಗಿಡುತ್ತಾರೆ. ಎರಡೂ ಒಂದೇ ಅಂತ ಹೇಳಿ ನನಗೂ ಒಂದನ್ನು ಕೊಟ್ಟಿದ್ದರು.

ಪ್ರಾಣಾಯಾಮ ಸಾಲದಾ ಅನ್ನುವುದು ಮುಂದಿನ ಪ್ರಶ್ನೆ. ನಮ್ಮ ಮನೆಯಲ್ಲೂ ಬಂತು. ಒಂದು ಮೂಗಿನ ಹೊಳ್ಳೆ ಮುಚ್ಚಿ ಇನ್ನೊಂದರಿಂದ ಎಳೆದಾಗ ಸ್ವಲ್ಪ ತಡೆ ಇರುವುದು ನಿಜ. ಉಸಿರಿನ ಓಟ ನಿಧಾನವಾಗುತ್ತದೆ, ಗಾಬರಿ ಇಳಿಯುತ್ತದೆ. ಏದುಸಿರಿನ ಹೆದರಿಕೆ ಇರುವ ಮಗುವಿಗೆ ಅದು ಸಣ್ಣ ಲಾಭ ಅಲ್ಲ. ಆದರೆ ತಡೆ ಎಷ್ಟು ಅಂತ ಅಳೆಯಲು ಬರುವುದಿಲ್ಲ, ವಾರವಾರ ಏರಿಸಲೂ ಬರುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮ ಪಕ್ಕದಲ್ಲೇ ಇರುವುದರಿಂದ, ಹುಡುಗನನ್ನು ಯಕ್ಷಗಾನದ ಹಾಡುಗಾರಿಕೆ, ಭಾಗವತಿಕೆ ಕಲಿಯಲು ಕಳಿಸಿ, ಉಸಿರು ಗಟ್ಟಿಯಾಗುತ್ತದೆ ಅಂತ ಒಬ್ಬರು ಸಲಹೆ ಕೊಟ್ಟರು. ಕಳಿಸುವುದಾದರೆ ಪದ ಕಲಿಯಲಿ ಅಂತ ಕಳಿಸಬೇಕು. ಭಾಗವತರ ದೊಡ್ಡ ವಿದ್ಯೆ ಎಳೆದ ಉಸಿರನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುವುದರಲ್ಲಿದೆ. ಅದು ಬೇರೆಯೇ ಪಾಠ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಇದರಿಂದ ಉಪಯೋಗ ಇದೆಯಾ?

ದಮ್ಮಿನ ಕಾಯಿಲೆ ಇರುವ ವಯಸ್ಸಾದವರಲ್ಲಿ, ಹೃದಯ ಸೋತವರಲ್ಲಿ, ವೆಂಟಿಲೇಟರಿನಿಂದ ಹೊರಗೆ ಬರಲು ಒದ್ದಾಡುವವರಲ್ಲಿ ಈ ತರಬೇತಿಯನ್ನು ಬಹಳ ವರ್ಷಗಳಿಂದ ಪರೀಕ್ಷಿಸಿದ್ದಾರೆ. ಎಳೆಯುವ ಬಲ ಏರುತ್ತದೆ ಅನ್ನುವುದರಲ್ಲಿ ಜಗಳ ಇಲ್ಲ. ಬಾಲ್ಯದ ಕ್ಯಾನ್ಸರಿನಿಂದ ಗುಣವಾದವರಲ್ಲಿ ಆದ ಅಧ್ಯಯನಗಳು ಕಡಿಮೆ, ಇರುವವೂ ಸಣ್ಣವು. ಅವುಗಳಲ್ಲೂ ಗಟ್ಟಿಯಾಗಿ ಕಾಣುವುದು ಬಲ ಏರುವುದೇ. ನಡೆಯುವ ದೂರ, ದಣಿವು, ದಿನದ ಚಟುವಟಿಕೆ ಎಷ್ಟು ಸುಧಾರಿಸುತ್ತದೆ ಅಂತ ಹೇಳಲು ದೊಡ್ಡ ಪ್ರಯೋಗಗಳು ಬೇಕು. ನನಗೆ ಇಲ್ಲಿ ಒಂದು ಅನುಮಾನ ಯಾವಾಗಲೂ ಇದೆ. ಎಳೆಯುವುದನ್ನು ಅಭ್ಯಾಸ ಮಾಡಿಸಿ ಎಳೆಯುವ ಪರೀಕ್ಷೆಯನ್ನೇ ಕೊಟ್ಟರೆ ಮಾರ್ಕು ಜಾಸ್ತಿ ಬಾರದೆ ಇರುತ್ತದಾ? ಪರೀಕ್ಷೆ ಆಗಬೇಕಾದ್ದು ಮೆಟ್ಟಿಲಿನ ಮೇಲೆ.

ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕು. ಬ್ಲಿಯೋಮೈಸಿನ್‌ನಿಂದ ಅಥವಾ ರೇಡಿಯೇಷನ್‌ನಿಂದ ಕಲೆ ಕಟ್ಟಿದ ಶ್ವಾಸಕೋಶವನ್ನು ಯಾವ ಸ್ಪ್ರಿಂಗೂ ಮೊದಲಿನ ಹಾಗೆ ಮಾಡುವುದಿಲ್ಲ. ಗಟ್ಟಿಯಾದ ಶ್ವಾಸಕೋಶವನ್ನು ಹಿಗ್ಗಿಸಲು ಸ್ನಾಯುವಿಗೆ ಜಾಸ್ತಿ ಬಲ ಬೇಕು, ಆ ಬಲ ಕೊಡಬಹುದು, ಅಷ್ಟೇ. ನಮ್ಮ ಹುಡುಗನ ಹಾಗೆ ಎದೆಗೆ ರೇಡಿಯೇಷನ್ ಇಲ್ಲದೆ, ಸ್ಟೀರಾಯ್ಡ್ ಮತ್ತು ಕೂತಲ್ಲೇ ಕೂತ ವರ್ಷಗಳಿಂದ ಸೊರಗಿದವರಿಗೆ ಹೆಚ್ಚು ಆಸೆ ಇಟ್ಟುಕೊಳ್ಳಬಹುದು ಅಂತ ನನ್ನ ಅಂದಾಜು.

ಮತ್ತೆ, ನಡೆದರೆ ಸಾಲದಾ? ನಡೆದರೆ, ಈಜಿದರೆ, ಸೈಕಲ್ ತುಳಿದರೆ ಉಸಿರಿನ ಸ್ನಾಯುವೂ ಬಲವಾಗುತ್ತದೆ. ಅದೇ ಒಳ್ಳೆಯದು, ಹೃದಯಕ್ಕೂ ಎಲುಬಿಗೂ ಲಾಭ. ಆದರೆ ಎರಡು ನಿಮಿಷ ಓಡಿದ ಕೂಡಲೇ ಏದುಸಿರು ಬಂದು, ಕ್ಲಾಸಿನವರು ನಕ್ಕು, ಮೈದಾನದ ಕಡೆ ಹೋಗುವುದನ್ನೇ ಬಿಟ್ಟ ಹುಡುಗನಿಗೆ "ಓಡು" ಅಂತ ಹೇಳುವುದು ಸುಲಭ. ಚಾವಡಿಯಲ್ಲಿ ಕೂತು, ಯಾರೂ ನೋಡದ ಹಾಗೆ ಮೂವತ್ತು ಸಲ ಎಳೆಯುವುದು ಅವನ ಕೈಲಾಗುವ ಕೆಲಸ. ಆಮೇಲೆ ನಡಿಗೆ ಶುರುವಾಗಲಿ. ನಡಿಗೆಯ ಬದಲಿಗೆ ಈ ಕೊಳವೆ ಅಂತ ಮಾರುವವರನ್ನು ನಂಬಬೇಡಿ.

ಶುರು ಮಾಡುವ ಮುಂಚೆ ಡಾಕ್ಟರು ನೋಡಲೇಬೇಕು. ಏದುಸಿರಿಗೆ ಬೇರೆ ಕಾರಣಗಳಿರುತ್ತವೆ. ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಅನ್ನುವ ಕೆಂಪು ಬಣ್ಣದ ಕೀಮೋ ಸಿಕ್ಕಿದವರಿಗೆ ವರ್ಷಗಳ ನಂತರ ಹೃದಯ ಸೋಲಬಹುದು. ಅವರಿಗೆ ಹೃದಯದ ಸ್ಕ್ಯಾನ್, ಅಂದರೆ ಎಕೋ ಆಗಬೇಕು. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು. ಕ್ಯಾನ್ಸರ್ ತಿರುಗಿ ಬಂದಿಲ್ಲ ಅಂತಲೂ ಖಾತ್ರಿಯಾಗಬೇಕು. ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡಿದ್ದವರು, ಎದೆ ಅಥವಾ ಹೊಟ್ಟೆಯ ಆಪರೇಷನ್ ಈಚೆಗೆ ಆದವರು, ಕಿವಿಯ ತಮಟೆ ಒಡೆದವರು ಸುಮ್ನೆ ಆನ್‌ಲೈನ್‌ನಲ್ಲಿ ತರಿಸಿ ಎಳೆಯಬಾರದು. ತಲೆ ತಿರುಗಿದರೆ ನಿಲ್ಲಿಸಬೇಕು, ಬೇಗ ಬೇಗ ಎಳೆದರೆ ಹಾಗಾಗುತ್ತದೆ. ಕೊಳವೆಯನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ನಮ್ಮ ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಕೆಲಸ, ಒದ್ದೆ ಇದ್ದರೆ ಬೂಸ್ಟು ಹಿಡಿಯುತ್ತದೆ. ತಂಗಿಗೂ ಒಮ್ಮೆ ಎಳೆಯಲು ಕೊಡುವುದು ಬೇಡ. ಒಂದು ಕೊಳವೆ ಒಬ್ಬರಿಗೆ. ಬಚ್ಚಲ ಒಲೆಗೆ ಬೆಂಕಿ ಮಾಡುವ ಕೆಲಸವನ್ನು ಇಂಥ ಮಕ್ಕಳಿಗೆ ಕೊಡುವುದೂ ಬೇಡ. ಬೀಡಿ, ಸಿಗರೇಟಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಫೈಲ್ ಎಲ್ಲಿದೆ?

ಅಮೆರಿಕದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ 2003ರಲ್ಲೇ ಗುಣವಾದ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಒಂದು ಮಾರ್ಗಸೂಚಿ ಹೊರತಂದಿತು. ಚಿಕಿತ್ಸೆ ಮುಗಿದು ಎರಡು ವರ್ಷದ ನಂತರ ಈ ತಪಾಸಣೆ ಶುರು. ಯಾವ ಮದ್ದು ಸಿಕ್ಕಿತ್ತು ಅನ್ನುವುದರ ಮೇಲೆ ಯಾವ ಪರೀಕ್ಷೆ ಅಂತ ತೀರ್ಮಾನ. ಶ್ವಾಸಕೋಶಕ್ಕೆ ತಾಗುವ ಮದ್ದು ಅಥವಾ ರೇಡಿಯೇಷನ್ ಸಿಕ್ಕಿದವರಿಗೆ ಶ್ವಾಸಕೋಶದ ಪರೀಕ್ಷೆ. ಎಲ್ಲದಕ್ಕೂ ಮೂಲ ಒಂದೇ: ಯಾವ ಮದ್ದು, ಒಟ್ಟು ಎಷ್ಟು, ಯಾವಾಗಿನಿಂದ ಯಾವಾಗಿನವರೆಗೆ ಅಂತ ಬರೆದ ಒಂದು ಪುಟ.

ನಮ್ಮಲ್ಲಿ ಆ ಪುಟವೇ ಇಲ್ಲ. ಕಾಸರಗೋಡಿನ ಕನ್ನಡಿಗರ ಪಾಡು ಗೊತ್ತಿದೆಯಲ್ಲ. ಕಾಗದ ಕೇರಳದ್ದು, ಆಸ್ಪತ್ರೆ ಹೆಚ್ಚಾಗಿ ಮಂಗಳೂರಿನದ್ದು. ಮಂಗಳೂರು ಇಲ್ಲಿಂದ ಐವತ್ತು ಕಿಲೋಮೀಟರ್ ಆಸುಪಾಸು. ನಮ್ಮ ರಾಜ್ಯದ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೆ ಐನೂರಕ್ಕಿಂತ ಜಾಸ್ತಿ, ರೈಲಿನಲ್ಲಿ ಒಂದು ರಾತ್ರಿ. ತಲಶ್ಶೇರಿ ಹತ್ತಿರದ ಮಲಬಾರ್ ಕ್ಯಾನ್ಸರ್ ಸೆಂಟರ್ ನಡುವೆ ಸಿಗುತ್ತದೆ. ಕೆಲವರು ಮಂಗಳೂರಿನಲ್ಲಿ ಶುರು ಮಾಡಿ, ದುಡ್ಡು ಮುಗಿದ ಮೇಲೆ ತೆಂಕಲಿಗೆ ಹೋಗುತ್ತಾರೆ. ಹದಿನೆಂಟರ ಒಳಗಿನ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ಕೇರಳ ಸರಕಾರದ ಕ್ಯಾನ್ಸರ್ ಸುರಕ್ಷಾ ಯೋಜನೆ 2008ರಲ್ಲಿ ಶುರುವಾಯಿತು. ಗಡಿ ದಾಟಿದ ಮೇಲೆ ಯಾವ ಕಾರ್ಡ್ ಎಲ್ಲಿ ನಡೆಯುತ್ತದೆ ಅಂತ ಪ್ರತಿ ಸಲ ಹೊಸದಾಗಿ ಕೇಳಬೇಕು. 2020ರ ಮಾರ್ಚ್‌ನಲ್ಲಿ, ಕೊರೋನಾ ಸಮಯದಲ್ಲಿ, ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ ಆಂಬುಲೆನ್ಸ್‌ಗಳು ತಿರುಗಿ ಬಂದಾಗ ನಾವು ಎಲ್ಲಿ ನಿಂತಿದ್ದೇವೆ ಅಂತ ಎಲ್ಲರಿಗೂ ಕಂಡಿತು. ಕಾಸರಗೋಡಿಗೆ ಅಂತ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ವರ್ಷಗಟ್ಟಲೆ ಎಳೆದ ಆ ಕತೆ ಈ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಅಕ್ಕ ಕಪಾಟಿನಿಂದ ಫೈಲ್ ಇಳಿಸಿದಾಗ ಅರ್ಧ ಕಾಗದಕ್ಕೆ ಒರಲೆ (ಗೆದ್ದಲು) ಹಿಡಿದಿತ್ತು. ಬಿಲ್ಲುಗಳು ಚೆನ್ನಾಗಿದ್ದವು! ಚಿಕಿತ್ಸೆಯ ಸಾರಾಂಶ ಕೊಡಿ ಅಂತ ಹಳೆಯ ಆಸ್ಪತ್ರೆಯಲ್ಲಿ ಕೇಳಿದೆವು. ಮೂರು ಸಲ ಹೋದೆವು. ಇಷ್ಟು ಹಳೆಯ ದಾಖಲೆ ಹುಡುಕುವುದು ಕಷ್ಟ ಅಂತ ಮೊದಲ ಎರಡು ಸಲ. ಮೂರನೆಯ ಸಲ ಒಬ್ಬರು ನರ್ಸ್ ತಾವೇ ಕೂತು ಡಿಸ್ಚಾರ್ಜ್ ಕಾಗದಗಳನ್ನು ಜೋಡಿಸಿ ಒಂದು ಪಟ್ಟಿ ಮಾಡಿಕೊಟ್ಟರು. ಅದರಲ್ಲಿ ಡೌನೊರುಬಿಸಿನ್ ಹೆಸರು ನೋಡಿಯೇ ಡಾಕ್ಟರು ಮೊದಲು ಎಕೋ ಮಾಡಿಸಿದ್ದು. ಮಗುವಿನ ಚಿಕಿತ್ಸೆ ಈಗ ನಡೆಯುತ್ತಿದ್ದರೆ ಮುಗಿಯುವ ದಿನವೇ ಆ ಒಂದು ಪುಟವನ್ನು ಕೇಳಿ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆದು ಇಬ್ಬರು ಮೂವರಿಗೆ ಕಳಿಸಿ ಇಡಿ. ಒರಲೆ ವಾಟ್ಸ್ಯಾಪ್ ತಿನ್ನುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕೇರಳದ ಈ ಬದಿಯಲ್ಲಿರುವುದು ಲಾಭ. 2017ರಲ್ಲಿ ಶುರುವಾದ ಆರ್ದ್ರಂ ಮಿಷನ್‌ನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಬದಲಾಯಿಸುತ್ತಾ ಬಂದಿದ್ದಾರೆ. ಅಲ್ಲಿ ದಮ್ಮು, ಆಸ್ತಮಾದವರಿಗೆ ಶ್ವಾಸ್ ಅನ್ನುವ ಕ್ಲಿನಿಕ್ ನಡೆಯುತ್ತದೆ. ಸ್ಪೈರೋಮೀಟರ್ ಊದಿಸಲು, ಇನ್‌ಹೇಲರ್ ಹಿಡಿಯಲು ಹೇಳಿಕೊಡುವ ನರ್ಸ್ ಇರುತ್ತಾರೆ. ಹಾಸಿಗೆ ಹಿಡಿದವರ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ತಂಡ ಮನೆಗೇ ಬರುತ್ತದೆ. 2008ರಲ್ಲೇ ಅದಕ್ಕೊಂದು ನೀತಿ ಮಾಡಿದ ರಾಜ್ಯ ಇದು. ಅಂದರೆ ಜನ ಇದ್ದಾರೆ, ಕೋಣೆ ಇದೆ, ದಿನ ಗೊತ್ತಾಗಿದೆ. ಬೇಕಾದ್ದು ಎಳೆಯುವ ಬಲ ಅಳೆಯುವ ಒಂದು ಸಣ್ಣ ಮೀಟರ್, ಮತ್ತು ಕ್ಯಾನ್ಸರ್ ಗುಣವಾದ ಮಕ್ಕಳನ್ನೂ ಆ ದಿನ ಬನ್ನಿ ಅಂತ ಕರೆಯುವುದು. ಹೊಸ ಆಸ್ಪತ್ರೆ ಕಟ್ಟಿ ಅಂತ ಕೇಳುವ ಮುಂಚೆ ಇದನ್ನು ಕೇಳಬೇಕು ಅಂತ ನನಗನಿಸುತ್ತದೆ. ಕೈಗೆಟುಕುವ ದೂರದಲ್ಲಿದೆ. ಶುರುವಿಗೊಮ್ಮೆ ಅಳೆದು ಭಾರ ನಿಗದಿ ಮಾಡಲು ಮಂಗಳೂರಿನ ಫಿಸಿಯೋಥೆರಪಿಸ್ಟ್ ಬೇಕಾಗಬಹುದು. ವಾರವಾರ ನೋಡಿ ಏರಿಸಲು ಊರಿನ ನರ್ಸ್ ಸಾಕು. ಅದಕ್ಕಾಗಿ ಒಂದು ದಿನದ ಅಡಿಕೆ ಸುಲಿಯುವ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ತಲಪಾಡಿ ದಾಟುವುದು ಯಾವ ಅಮ್ಮನಿಂದಲೂ ಎಂಟು ವಾರ ಆಗುವ ಕೆಲಸ ಅಲ್ಲ.

ಹುಡುಗ ಎಂಟು ವಾರ ಮಾಡಿದ. ನಡುವೆ ಒಂದು ವಾರ ಶೀತ ಜ್ವರ ಅಂತ ಬಿಟ್ಟ, ಒಂದು ವಾರ ಶಾಲೆಯ ಪರೀಕ್ಷೆ ಅಂತ ಬಿಟ್ಟ. ಸ್ಪ್ರಿಂಗಿನ ಬಿಗಿಯನ್ನು ನಾಲ್ಕು ಸಲ ಏರಿಸಿದೆವು. ಎಳೆಯುವ ಬಲ ಏರಿದೆ, ಮೀಟರ್ ಹೇಳುತ್ತದೆ. ಹಲಸಿನ ಮರದ ಹತ್ತಿರ ಈಗ ನಿಲ್ಲುವುದಿಲ್ಲ. ಅಲ್ಲಿಂದ ಮೇಲೆ ರಬ್ಬರ್ ತೋಟದ ಬೇಲಿ ಸಿಗುತ್ತದಲ್ಲ, ಅಲ್ಲಿ ನಿಲ್ಲುತ್ತಾನೆ. ಇದು ಕೊಳವೆಯಿಂದಲೇ ಆದದ್ದು ಅಂತ ನಾನು ಆಣೆ ಹಾಕಲಾರೆ. ಆ ಎರಡು ತಿಂಗಳಲ್ಲಿ ಅವನು ಎತ್ತರವೂ ಆದ, ಮಳೆ ನಿಂತು ಮೆಟ್ಟಿಲಿನ ಪಾಚಿಯೂ ಒಣಗಿತು, ಸಂಜೆ ಹೊತ್ತು ಸೈಕಲ್ ಹೊರಗೆ ತೆಗೆಯಲೂ ಶುರು ಮಾಡಿದ. ನಿಲ್ಲಿಸಿದರೆ ಬಂದ ಬಲ ಕೆಲವು ವಾರ, ತಿಂಗಳುಗಳಲ್ಲಿ ಇಳಿಯುತ್ತದೆ ಅಂತ ಹೇಳಿದ್ದಾರೆ. ಹಾಗಾಗಿ ವಾರಕ್ಕೆ ಎರಡು ಮೂರು ದಿನ ಈಗಲೂ ಎಳೆಯುತ್ತಾನೆ. ಅಜ್ಜಿ ಎಣಿಸುತ್ತಾರೆ. ಇಪ್ಪತ್ತೇಳರ ನಂತರ ಒಮ್ಮೊಮ್ಮೆ ಇಪ್ಪತ್ತೈದಕ್ಕೆ ಹಿಂದೆ ಹೋಗುತ್ತಾರೆ, ಮರೆತೋ, ಬೇಕೆಂದೇ ಮಾಡುವುದೋ ಗೊತ್ತಾಗುವುದಿಲ್ಲ.

ಕಳೆದ ತಿಂಗಳು ಊರಿನ ಕೇಂದ್ರದ ಶ್ವಾಸ್ ಕ್ಲಿನಿಕ್ಕಿಗೆ ಅವನನ್ನು ಕರೆದುಕೊಂಡು ಹೋಗಿದ್ದೆ. ಬೆಂಚಿನ ತುಂಬ ಅರುವತ್ತು ದಾಟಿದವರು, ನಡುವೆ ಇವನೊಬ್ಬ. ನರ್ಸ್ ಮಲಯಾಳದವರು, ನಮ್ಮ ಹತ್ತಿರ ತುಳುವಿನಲ್ಲಿ ಮಾತಾಡಿದರು. ಮದ್ದಿನ ಪಟ್ಟಿಯನ್ನು ಎರಡು ಸಲ ಓದಿ, ಸ್ಪೈರೋಮೀಟರ್ ಊದಿಸಿ, ರಿಜಿಸ್ಟರ್ ತೆರೆದರು. ಯಾವ ಕಾಯಿಲೆ ಅಂತ ಬರೆಯುವ ಕಾಲಮ್ಮಿನ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ "ಇತರೆ" ಅಂತ ಬರೆದು, ಮುಂದಿನ ತಿಂಗಳಿನ ತಾರೀಕು ಹಾಕಿದರು.